ಐದು ದಿನ, ಹದಿನೈದು ಪಾಳಿ, ಒಂದೇ ಕೈಬರಹ

ಬೆಳಗಿನ ಆರೂವರೆ. ನ್ಯಾಯಾಲಯದ ಹಿಂಬದಿಯ ಕಾನೂನು ನೆರವು ಕೊಠಡಿಯಲ್ಲಿ ಕಸ ಗುಡಿಸುವ ಸದ್ದು ಇನ್ನೂ ನಿಂತಿಲ್ಲ, 'ಫೈಲ್ ಸಿಸ್ಟರ್' ಆಗಲೇ ಕಿಟಕಿ ಪಕ್ಕದ ಮೇಜು ಹಿಡಿದಿದ್ದಾರೆ. ಎಪ್ಪತ್ತರ ಹತ್ತಿರದ ಕಣ್ಣು, ಎಳೆಬಿಸಿಲಲ್ಲಷ್ಟೇ ಹೇಳಿದ ಮಾತು ಕೇಳುತ್ತದೆ. ಎದುರಿಗೆ ಮೂರು ವರ್ಷದ ಹೆಣ್ಣುಮಗುವಿನ ಆಸ್ಪತ್ರೆ ದಾಖಲೆ. ಐದನೇ ಹಾಳೆ ಮಗುಚಿದವರು ಬೆಚ್ಚಿ, ಮತ್ತೆ ಮೊದಲ ಹಾಳೆಗೆ ಹೋಗುತ್ತಾರೆ. "ಅಯ್ಯೋ ದೇವರೇ, ಇಷ್ಟು ಚೆಂದದ ಅಕ್ಷರವಾ!"

ಚೆಂದದ ಅಕ್ಷರಕ್ಕೆ ಬೆಚ್ಚಿಬೀಳುವವರು ಎಲ್ಲಿ ಸಿಗುತ್ತಾರೆ? ಮೂವತ್ತೈದು ವರ್ಷ ಮಕ್ಕಳ ವಾರ್ಡಿನಲ್ಲಿ ನರ್ಸಾಗಿದ್ದವರು ಇವರು. ನಿವೃತ್ತಿಯಾದ ಮೇಲೆ ಒಂಬತ್ತು ವರ್ಷದಿಂದ, ಚಿಕಿತ್ಸೆಯಲ್ಲಿ ಎಡವಟ್ಟಾಯಿತೆಂದು ಬರುವ ಹೆತ್ತವರಿಗೆ ಡಾಕ್ಟರುಗಳ ಬ್ರಹ್ಮಲಿಪಿ ಓದಿ ಹೇಳುತ್ತಿದ್ದಾರೆ. ವಾರಕ್ಕೊಂದೆರಡು ಫೈಲು, ಈವರೆಗೆ ಆರುನೂರು ದಾಟಿವೆ. ತಪ್ಪು ಸಿಕ್ಕಿದ್ದು ಎಪ್ಪತ್ತರಲ್ಲಿ ಮಾತ್ರ. "ಉಳಿದವರಿಗೆ 'ಇದ್ರಲ್ಲಿ ಯಾರ ತಪ್ಪೂ ಇಲ್ಲ, ಸುಮ್ನೆ ಅಲೀಬೇಡಿ' ಅನ್ನೋದೂ ನನ್ನ ಕೆಲ್ಸಾನೇ. ಚೆನ್ನಾಗಿ ಬೈಸ್ಕೊಂಡಿದ್ದೀನಿ," ಎಂದು ನಗುತ್ತಾರೆ.

ಹತ್ತು ಗಂಟೆಗೆ ಮಗುವಿನ ಅಪ್ಪ ಅಮ್ಮ ಬರುತ್ತಾರೆ. ಹಿಂದೆಯೇ ಬಾಗಿಲು ಢಬ್ಬೆಂದು ಬಡಿದುಕೊಳ್ಳುತ್ತದೆ. ಎಲ್ಲರೂ ತಿರುಗಿದರೂ ಮಗು ತಿರುಗುವುದಿಲ್ಲ. ಜ್ವರಕ್ಕೆಂದು ಸೇರಿಸಿದ ಮಗು ಎರಡೂ ಕಿವಿ ಕಳೆದುಕೊಂಡು ಮನೆಗೆ ಬಂದಿದೆ.

"ನಾನು ಕಿವಿಗೆ ಎಣ್ಣೆ ಬಿಟ್ಟಿದ್ದೆ ಸಿಸ್ಟರ್. ಅದಕ್ಕೇ ಹೀಗಾಯ್ತು ಅಂದ್ರು ಆಸ್ಪತ್ರೆಯವ್ರು," ತಾಯಿ ಮಗುವಿನ ಕಿವಿ ಸವರುತ್ತಾಳೆ.

"ಎಣ್ಣೆಯಿಂದ ಕಿವಿ ನರ ಸಾಯಲ್ಲಮ್ಮ. ಜ್ವರಕ್ಕೆ ಅಂತ ಇವಳಿಗೆ ಕೊಟ್ಟ ಇಂಜೆಕ್ಷನ್ ಜಾಸ್ತಿಯಾದ್ರೆ ಸಾಯುತ್ತೆ." ಹಾಳೆಗಳ ಪ್ರಕಾರ ದಿನಕ್ಕೊಂದೇ ಸೀಸೆ. ಅಪ್ಪ ಜೋಪಾನ ಮಾಡಿದ ಔಷಧಿ ಅಂಗಡಿಯ ಚೀಟಿಗಳಲ್ಲಿ ದಿನಕ್ಕೆ ನಾಲ್ಕು. "ಐದು ದಿನಕ್ಕೆ ನರ್ಸುಗಳದು ಹದಿನೈದು ಪಾಳಿ. ಅಷ್ಟಕ್ಕೂ ಒಂದೇ ಕೈಬರಹ, ಒಂದು ಚಿತ್ತಿಲ್ಲ. ಇದು ವಾರ್ಡಲ್ಲಿ ಬರೆದಿದ್ದಲ್ಲ. ಆಮೇಲೆ ಕೂತು ಬರೆದಿದ್ದು."

ಸಿಸ್ಟರ್ ದಾರಿಗಳನ್ನು ಹೇಳುತ್ತಾರೆ: ಪರಿಹಾರಕ್ಕೆ ಗ್ರಾಹಕ ನ್ಯಾಯಾಲಯ, ಡಾಕ್ಟರ ಪರವಾನಗಿ ಪ್ರಶ್ನಿಸಲು ವೈದ್ಯಕೀಯ ಮಂಡಳಿ, ದಾಖಲೆ ತಿದ್ದಿದ್ದಕ್ಕೆ ಪೊಲೀಸು. "ಮೊದಲು ಬೇರೆ ಕಿವಿ ಡಾಕ್ಟರ ಅಭಿಪ್ರಾಯ ಬರಹದಲ್ಲಿ ತಗೊಳ್ಳಿ. ಎಲ್ಲದಕ್ಕೂ ಗಡುವಿದೆ, ತಡ ಮಾಡ್ಬೇಡಿ. ಚೀಟಿಗಳ ಅಸಲು ಮಾತ್ರ ಯಾರ ಕೈಗೂ ಕೊಡ್ಬೇಡಿ."

"ನೋಡಿದ ತಕ್ಷಣ ಹೇಗೆ ಗೊತ್ತಾಯ್ತು?" ತಾಯಿ ಕೇಳುತ್ತಾಳೆ.

ಸಿಸ್ಟರ್ ಕನ್ನಡಕ ಒರೆಸುತ್ತಾರೆ. ಒರೆಸುತ್ತಲೇ ಇರುತ್ತಾರೆ. "ನಾನೂ ಬರೆದಿದ್ದೀನಿ. ಮೂವತ್ತು ವರ್ಷದ ಹಿಂದೆ. ದೊಡ್ಡ ಡಾಕ್ಟರು ಹೇಳಿದ್ರು, ಒಂದು ಮಗೂದು ಪೂರ್ತಿ ಫೈಲು ಹೊಸದಾಗಿ ಬರ್ದೆ. ಆ ಮಗು ಉಳೀಲಿಲ್ಲ. ಅವರಮ್ಮನ್ನೂ ಹೀಗೇ, ನಿಂದೇ ತಪ್ಪು ಅಂತ ನಂಬಿಸಿ ಕಳಿಸಿದ್ವಿ."

ತಾಯಿ ತಟ್ಟನೆ ಫೈಲನ್ನು ತನ್ನತ್ತ ಎಳೆದುಕೊಳ್ಳುತ್ತಾಳೆ. ಅಪ್ಪ ಎದ್ದು ನಿಂತಿದ್ದಾನೆ. ಫೈಲನ್ನು ಮತ್ತೆ ಮೇಜಿನ ಮೇಲಿಟ್ಟು ಅವಳೇ ಕೇಳುತ್ತಾಳೆ: "ಇದನ್ನ ಜಡ್ಜ್ ಮುಂದೆ ಹೇಳ್ತೀರಾ?"

"ನಿಮ್ಮ ಫೈಲಿನದು ಹೇಳ್ತೀನಿ. ನಿಂಗೆ ಹೇಗೆ ಗೊತ್ತು ಅಂತ ಕೇಳಿದ್ರೆ ನಂದೂ ಹೇಳ್ತೀನಿ. ಅವತ್ತಿನ ಆ ತಾಯಿ ಈಗ ಎಲ್ಲೇ ಇದ್ರೂ, ತಪ್ಪು ತಂದಲ್ಲ ಅನ್ನೋ ಸುದ್ದಿ ಅವಳಿಗೆ ಮುಟ್ಟಬೇಕು. ನಂಗಿರೋ ಆಸೆ ಅಷ್ಟೇ."