ತೋಮನಿಗೆ ಮನೆ ಕೊಟ್ಟವರು ಯಾರು?

“ಚಪ್ಪಲಿ ಆಚೆ ಬಿಡಿ” ಎಂದರು ಚರ್ಚಿನ ಬಾಗಿಲಲ್ಲಿ ನಿಂತಿದ್ದ ಹೆಂಗಸು. ನಮ್ಮ ಕರಾವಳಿಯಲ್ಲಿ ಆಚೆ ಎಂದರೆ ಆ ಪಕ್ಕ. ನಾನು ಒಳಗೆ ಹೋಗಿ, ಆ ಪಕ್ಕದ ಸಾಲಿನ ಬೆಂಚಿನಡಿ ಚಪ್ಪಲಿ ಬಿಟ್ಟು ಮೊಣಕಾಲೂರಿದೆ. ಆಕೆ ಹಿಂದೆಯೇ ಬಂದು, ಬಾಗಿಲ ಹೊರಗೆ ಬಿದ್ದಿದ್ದ ಚಪ್ಪಲಿಗಳ ರಾಶಿಯತ್ತ ಕೈ ತೋರಿಸಿದರು. ಬೆಂಗಳೂರಿನಲ್ಲಿ ಆಚೆ ಎಂದರೆ ಹೊರಗೆ!

ಊರಿನ ಇಗರ್ಜಿಯಲ್ಲಿ ಬೂಟಿನ ಸದ್ದು ಕೇಳಿ ಬೆಳೆದವಳಿಗೆ ಇಲ್ಲಿನ ಬರಿಗಾಲು, ತಲೆಯ ಮೇಲಿನ ಸೆರಗು, ಜಮಖಾನದ ಮೇಲೆ ಕೂತ ಅಜ್ಜಿಯರು, ಎಲ್ಲವೂ ಹೊಸದು. ನಾವು ‘ಮೀಸ್’ ಎನ್ನುವುದನ್ನು ಇಲ್ಲಿ ‘ಪೂಜೆ’ ಎನ್ನುತ್ತಾರೆ. ಅದೂ ಒಂದೇ ಚರ್ಚಿನಲ್ಲಿ ಕನ್ನಡಕ್ಕೊಂದು, ತಮಿಳಿಗೊಂದು. ನನ್ನ ಕೊಂಕಣಿಗೆ ಯಾವುದೂ ಇಲ್ಲ.

ಬಸವೇಶ್ವರನಗರದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ನಾನು ನರ್ಸು. ಹತ್ತಿರದಲ್ಲೇ ಪುಟ್ಟಗೌರಮ್ಮನವರ ಮನೆಯ ಮೇಲಿನ ಪೋರ್ಷನ್ನು ಬಾಡಿಗೆಗೆ ಸಿಕ್ಕಿತು. ಲೇಔಟ್ ಆಗುವ ಮುಂಚೆ ಅಲ್ಲಿ ಅವರದೇ ರಾಗಿ ಹೊಲವಿತ್ತಂತೆ. ನನ್ನ ಕೊರಳಿನ ಶಿಲುಬೆ ನೋಡಿ ಮನೆ ಕೊಡಲು ಒಂದು ವಾರ ಯೋಚಿಸಿದ್ದರು. ಮೀನು ಬೇಯಿಸಿದರೆ ತಕರಾರಿಲ್ಲ, ಜನ ಸೇರಿಸಿ ಪ್ರಾರ್ಥನೆ ಗಿರ್ಥನೆ ಮಾತ್ರ ಬೇಡ, ಬೀದಿಯವರು ಏನಾದರೂ ಅಂದಾರು ಎಂದಿದ್ದರು. ನಾನು ಒಪ್ಪಿದ್ದೆ. ಆಮೇಲೆ ಆ ಮನೆಗೆ ಯಾರೂ ಬರಲೂ ಇಲ್ಲ. ಭಾನುವಾರಗಳಲ್ಲಿ ಕುಚ್ಚಲಕ್ಕಿಯ ಗಂಜಿ ಒಬ್ಬಳೇ ಉಣ್ಣುತ್ತಿದ್ದೆ.

ಜುಲೈ ಹತ್ತಿರವಾದಾಗ, ಯೇಸುವಿನ ಹನ್ನೆರಡು ಶಿಷ್ಯರಲ್ಲೊಬ್ಬನಾದ ಪ್ರೇಷಿತ ತೋಮನ ಹಬ್ಬಕ್ಕೆ ಮುನ್ನ ಪ್ರತಿ ಬೀದಿಯ ಕುಟುಂಬಗಳು ಒಂದು ಮನೆಯಲ್ಲಿ ಕೂಡಿ ಅವನ ಜೀವನ, ಬೋಧನೆಗಳ ಬಗ್ಗೆ ಮಾತಾಡಬೇಕೆಂದು ಫಾದರ್ ತಿಳಿಸಿದರು. ಊರಲ್ಲಿ ಇಂಥ ಕೂಟವನ್ನು ‘ವಾಡೊ’ ಎನ್ನುತ್ತೇವೆ. ಅಲ್ಲಿ ಎಲ್ಲರೂ ನೆಂಟರೇ. ಇಲ್ಲಿ ನಮ್ಮ ಬೀದಿಗೆ ತಮಿಳಿನ ಆರೋಗ್ಯಮೇರಿ, ಕೇರಳದ ವರ್ಗೀಸ್ ದಂಪತಿ, ನಾನು, ಇಷ್ಟೇ ಜನ. ಈ ಸಲ ನಿಮ್ಮ ಮನೆಯಲ್ಲಿ ಮಾಡೋಣವೇ ಎಂದು ಆರೋಗ್ಯಮೇರಿ ಕೇಳಿದಾಗ ಆಗದು ಎನ್ನಲು ಬಾಯಿ ಬರಲಿಲ್ಲ. ಮನೆಗೆ ಬರುತ್ತೇವೆಂದು ಈ ಊರಲ್ಲಿ ನನಗೆ ಮೊದಲು ಹೇಳಿದವರು ಅವರೇ.

ಅಳುಕುತ್ತಲೇ ಪುಟ್ಟಗೌರಮ್ಮನವರ ಮುಂದೆ ನಿಂತೆ. ಅವರು ಸೊಪ್ಪು ಬಿಡಿಸುತ್ತಿದ್ದರು.

“ಮೈಕ್ ಇರತ್ತಾ?”

“ಇಲ್ಲ ಆಂಟಿ.”

“ಹಂಗಾದ್ರೆ ಮಾಡ್ಕೊಳಿ. ನಾನೂ ಬಂದು ಕೂತ್ಕೋತೀನಿ. ಯಾರಾದ್ರೂ ಕೇಳಿದ್ರೆ, ನಾನೂ ಇದ್ದೆ ಅಂತ ಹೇಳ್ಬೋದು.”

ಬಂದರು, ಬಾಗಿಲ ಬಳಿಯ ಕುರ್ಚಿಯಲ್ಲೇ ಕೂತರು. ಸತ್ತ ಯೇಸು ಎದ್ದು ಬಂದನೆಂದು ಗೆಳೆಯರೆಲ್ಲ ಹೇಳಿದರೂ, ಗಾಯ ಮುಟ್ಟಿ ನೋಡದೆ ನಂಬಲಾರೆ ಎಂದವನು ತೋಮ. ಯೇಸು ಅವನನ್ನು ಬೈಯಲಿಲ್ಲ, ಕೈ ಮುಂದೆ ಚಾಚಿದ. ಬೈಬಲಿನ ಆ ಭಾಗವನ್ನು ನಾನೇ ಓದಿದೆ. ದಿನವೂ ಗಾಯ ಮುಟ್ಟಿ ನೋಡುವ ನನಗೆ ತೋಮನ ಮಾತು ಅವಿಶ್ವಾಸದ್ದು ಅಂತ ಅನ್ನಿಸಲೇ ಇಲ್ಲ. ಅವನು ಹಡಗಿನಲ್ಲಿ ತಮ್ಮ ಕಡಲತೀರಕ್ಕೆ ಬಂದಿಳಿದದ್ದನ್ನು ವರ್ಗೀಸ್ ತಮ್ಮ ಅಜ್ಜನ ಕತೆಯಂತೆ ಹೇಳಿದರು. ಪ್ರಾಣ ಬಿಟ್ಟದ್ದು ತಮ್ಮ ಮದರಾಸಿನ ಬೆಟ್ಟದಲ್ಲಿ ಎಂದರು ಆರೋಗ್ಯಮೇರಿ. 

ಪುಟ್ಟಗೌರಮ್ಮ ಎಲ್ಲ ಕೇಳಿಸಿಕೊಂಡು ಕೇಳಿದರು: “ನಂಬಲ್ಲ ಅಂದೋನೇ ಅಷ್ಟು ದೂರದಿಂದ ಬಂದ್ನಾ?”

ಹೌದೆಂದರು ವರ್ಗೀಸ್.

“ಅವ್ನಿಗೆ ಇಲ್ಲಿ ಮನೆ ಯಾರು ಕೊಟ್ರು?”

ಹುಟ್ಟಿದಾಗಿನಿಂದ ಕೇಳಿದ ಕತೆಯಲ್ಲಿ ಆ ಪ್ರಶ್ನೆ ನಮಗಾರಿಗೂ ಹೊಳೆದಿರಲಿಲ್ಲ. ಗೊತ್ತಿಲ್ಲ ಆಂಟಿ ಎಂದೆ.

“ಯಾರೋ ಕೊಟ್ಟೇ ಇರ್ತಾರೆ ಬಿಡಿ. ಅವ್ರೂ ಒಂದ್ ವಾರ ಯೋಚ್ನೆ ಮಾಡಿರ್ತಾರೆ” ಎಂದು ನನ್ನನ್ನು ನೋಡಿ ನಕ್ಕರು. ಆಮೇಲೆ ಕುರ್ಚಿಯನ್ನು ಒಳಗೆ ಎಳೆದುಕೊಂಡರು.

ಹಬ್ಬದ ದಿನ ಕನ್ನಡ ಪೂಜೆಗೆ ಹೋದೆ. ಆರೋಗ್ಯಮೇರಿ ಪಕ್ಕದಲ್ಲಿ ನನಗಾಗಿ ಜಾಗ ಹಿಡಿದಿದ್ದರು. ಈಗ ಇಲ್ಲಿ ನನ್ನ ಹೆಸರು ಹಿಡಿದು ಕರೆಯುವವರಿದ್ದಾರೆ. ಎಲ್ಲರೊಂದಿಗೆ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ಜೋರಾಗಿಯೇ ಶುರು ಮಾಡಿದೆ. ಎರಡು ಸಾಲು ದಾಟುವಷ್ಟರಲ್ಲಿ ನಾಲಿಗೆ ತಾನಾಗಿ ಅಮ್ಮನ ಕೊಂಕಣಿಗೆ ಹೊರಳಿತು. ಸುತ್ತಲಿನವರು ಪ್ರಾರ್ಥನೆ ಮುಗಿಸಿದಾಗ ನನಗಿನ್ನೂ ಒಂದು ಸಾಲು ಬಾಕಿಯಿತ್ತು.