ಆಲೂಗಡ್ಡೆಯ ತಕಲಿ

ನಿಮಗಷ್ಟೇ ಹೇಳುತ್ತೇನೆ, ನಗಬೇಡಿ. ಐವತ್ತೆಂಟರ ಈ ವಯಸ್ಸಿನಲ್ಲಿ ನಾನು ಆಲೂಗಡ್ಡೆಗೆ ಸೈಕಲ್ ಕಡ್ಡಿ ಚುಚ್ಚಿ ತಕಲಿ ಮಾಡಿಕೊಂಡು ನೂಲು ತೆಗೆಯಲು ಕೂತವನು. ಚರಕ ಕೊಳ್ಳಬಹುದಿತ್ತು, ಆದರೆ ನನ್ನ ಹೆಂಡತಿ ಗಿರಿಜಾಳ ಎದುರು ಇಂಥ ಹುಚ್ಚಿಗೆ ದುಡ್ಡು ಸುರಿಯುವ ಧೈರ್ಯ ಯಾರಿಗಿದೆ? ಕಡ್ಡಿಯನ್ನು ಸೈಕಲ್ ಅಂಗಡಿಯವನು ಪುಕ್ಕಟೆ ಕೊಟ್ಟ. ಆಲೂಗಡ್ಡೆ ಅಡುಗೆಮನೆಯದು.

ಇದಕ್ಕೆಲ್ಲ ಕಾರಣ ನನ್ನ ಕೊರಳಲ್ಲಿತ್ತು. ಲಿಂಗ ಕಟ್ಟಿಕೊಂಡಿದ್ದ ಶಿವದಾರ ಅವ್ವ ಮಾಡಿಕೊಟ್ಟ ಕೊನೆಯದು. ಮನೆಮಂದಿಯ ಶಿವದಾರವನ್ನೆಲ್ಲ ಅವಳೇ ನೂತು ಹೊಸೆಯುತ್ತಿದ್ದಳು, ಅಂಗಡಿಯದನ್ನು ಹತ್ತಿರ ಬಿಟ್ಟುಕೊಂಡವಳಲ್ಲ. ಊಟವಾದ ಮೇಲೆ ಬಾಗಿಲಿಗೆ ಒರಗಿ ಕೂತು, ಆಗಾಗ ವಿಭೂತಿಯಲ್ಲಿ ಬೆರಳು ಅದ್ದಿ ತಕಲಿ ತಿರುಗಿಸುವಳು. ನೂಲುತ್ತಲೇ ಶಿವಧ್ಯಾನ ಮಾಡುತ್ತಾಳೆಂದು ನಾನು ತಿಳಿದಿದ್ದೆ. ಅವಳು ಹೋಗಿ ನಾಲ್ಕು ವರ್ಷ. ದಾರ ಸವೆದು ಎರಡೇ ಎಳೆಯ ಮೇಲೆ ನಿಂತಿತ್ತು. ಅದೂ ಹರಿದರೆ ಅವ್ವ ಮತ್ತೊಮ್ಮೆ ಹೋದಂತೆಯೇ ಅನ್ನಿಸುತ್ತಿತ್ತು. ಪೇಟೆಯ ದಾರಕ್ಕೆ ಮನಸ್ಸು ಒಪ್ಪಲಿಲ್ಲ. ನಾನೇ ನೂತರಾಯಿತು ಎಂದುಕೊಂಡೆ.

ಅಗ್ಗವೆಂದು ಗಾದಿ ಅಂಗಡಿಯಿಂದ ಅರಳೆ ತಂದೆ. ಎಳೆದರೆ ತುಂಡು, ಮತ್ತೆ ಎಳೆದರೆ ಮತ್ತೆ ತುಂಡು. ಮಿಲ್ಲು ಹುಟ್ಟುವ ಮೊದಲು ಜಗತ್ತು ಉಟ್ಟ ಬಟ್ಟೆಯೆಲ್ಲ, ತೊಟ್ಟಿಲ ಹೊದಿಕೆಯಿಂದ ಹಡಗಿನ ಪಟದವರೆಗೆ, ಕೈಬೆರಳಿನಿಂದಲೇ ಬಂದದ್ದಲ್ಲವೆ? ಮಿಲ್ಲುಗಳಿಗೂ ನಮ್ಮ ದಾವಣಗೆರೆಯೇನು ಕಡಿಮೆಯಲ್ಲ. ಸೈರನ್ನು ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಊರು. ಅಂಥ ಊರಲ್ಲಿ ಹುಟ್ಟಿಯೂ ನನ್ನಿಂದ ಗೇಣುದ್ದ ನೂಲು ಬರಲಿಲ್ಲ.

"ಅಯ್ಯ, ಪಲ್ಯಕ್ಕಿಟ್ಟಿದ್ದ ಆಲೂಗಡ್ಡೆನೂ ಬಿಡಲಿಲ್ಲೇನ್ರಿ?" ಎಂದಳು ಗಿರಿಜಾ. ಆಮೇಲೆ ನನ್ನ ಕೊರಳು ನೋಡಿ ದನಿ ತಗ್ಗಿಸಿದಳು. "ಹರಿಹರಕ್ಕೆ ಹೋಗಿ ಚಿಗವ್ವನ್ನ ಕೇಳ್ರಿ. ಆಕೆಗೆ ಬರ್ತೈತೆ."

ಚಿಗವ್ವ ಎಂದರೆ ಅವ್ವನ ತಂಗಿ. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಅವ್ವನ ವರ್ಷದ ಪೂಜೆಯಾದ ಮೇಲೆ ನಾನು ಆ ಕಡೆ ತಲೆ ಹಾಕಿರಲಿಲ್ಲ. ಸೊಸೆ, ಮೊಮ್ಮಕ್ಕಳ ಗದ್ದಲದ ನಡುವೆ ಕೂತಿದ್ದ ಅವಳು ನನ್ನ ತಕಲಿ ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅರಳೆಯನ್ನು ಬೆರಳಲ್ಲಿ ಹಿಂಜಿ ನೋಡಿದಳು.

"ಇದು ಹಳೇ ಗಾದಿ ಬಡಿದಿದ್ದು ತಮ್ಮಾ. ಇದ್ರಾಗೆ ಎಳೇನೇ ಇಲ್ಲ, ನೂಲು ಹೆಂಗೆ ಬರ್ತೈತೆ?"

ತನ್ನ ತಕಲಿ, ಒಳ್ಳೆಯ ಅರಳೆ, ವಿಭೂತಿಯ ಬಟ್ಟಲು ತಂದು ಎದುರಿಗೆ ಕೂತಳು. ಥೇಟ್ ಅವ್ವನಂತೆ ಬೆರಳು ಅದ್ದಿದಳು. "ಅವ್ವನೂ ಹಿಂಗೇ ಜಪ ಮಾಡ್ತಾ ನೂಲ್ತಿದ್ಲು" ಎಂದೆ.

"ಯಾವ ಜಪನೋ! ಬೆವರಿಗೆ ಎಳೆ ಬೆರಳಿಗೆ ಅಂಟ್ತೈತೆ, ಅದಕ್ಕೆ ಇಬತ್ತಿ." ಹಾಗೆಂದವಳು ನನ್ನ ಶಿವದಾರ ಹಿಡಿದು ನೋಡಿದಳು. ತಕಲಿ ನಿಂತಿತು. "ಇದು ನಿಮ್ಮವ್ವ ನೂತಿದ್ದಲ್ಲ. ಕಡೇಗೆ ಆಕೆಗೆ ಕಣ್ಣೆಲ್ಲಿ ಕಾಣ್ತಿದ್ವು? ನಾನು ನೂತು ಕಳಿಸ್ತಿದ್ದೆ, ಆಕೆ ಹೊಸೆದು ಗಂಟು ಹಾಕ್ತಿದ್ಲು. ನಿನಗೆ ಹೇಳಬ್ಯಾಡ ಅಂದಿದ್ಲು."

ನಾಲ್ಕು ವರ್ಷ ಅವ್ವಾ ಎಂದು ನಾನು ಮುಟ್ಟಿಕೊಂಡದ್ದರಲ್ಲಿ ಅರ್ಧ ಇವಳ ಕೈ. ಅದು ಇಲ್ಲೇ ಹರಿಹರದಲ್ಲಿ ಬೆಚ್ಚಗೆ ಇದ್ದಾಗ ನಾನು ಬರದೆ ಉಳಿದೆನಲ್ಲ! ನಾಚಿಕೆಯಾಯಿತು. ಕಾಣದ ಕಣ್ಣಿನಲ್ಲಿ ತಡವರಿಸಿ ಗಂಟು ಹಾಕಿದ ಅವ್ವ ಮೊದಲಿಗಿಂತ ಹೆಚ್ಚು ಬೇಕೆನ್ನಿಸಿದಳು.

ಆಮೇಲೆ ಪ್ರತಿ ಸೋಮವಾರ ಹರಿಹರ. ನನ್ನ ನೂಲು ಒಂದು ಕಡೆ ಶಾವಿಗೆ, ಇನ್ನೊಂದು ಕಡೆ ಹಗ್ಗ. ಮೊನ್ನೆ ಅಂತೂ ಒಂದು ಶಿವದಾರಕ್ಕೆ ಸಾಲುವಷ್ಟಾಯಿತು. ಚಿಗವ್ವ ಹೊಸೆದು ನನ್ನ ಕೊರಳಿಗೆ ಕಟ್ಟಿ, ಬಾಗಿಲ ಕಡೆ ನೋಡುತ್ತ ಹೇಳಿದಳು: "ಆತಲ್ಲ. ಇನ್ನ ನೀನು ಬರೋದೇನು ಬ್ಯಾಡ ಬಿಡು."

"ಗಿರಿಜಾಂದೂ ಸವೆದೈತೆ ಚಿಗವ್ವ" ಎಂದೆ.

ಗಿರಿಜಾಳ ದಾರಕ್ಕೆ ಏನೂ ಆಗಿಲ್ಲ. ಹೋದ ವಾರವಷ್ಟೇ ಬಂದು ಹೋದವಳ ಕೊರಳನ್ನು ಚಿಗವ್ವ ನೋಡದೆ ಇದ್ದಾಳೆಯೇ? ಆದರೂ ಅರಳೆಯ ಚೀಲವನ್ನು ನನ್ನ ಕಡೆಗೆ ತಳ್ಳಿದಳು.