ಫೋನಕ್ಕ ಮೀನು ನೋಡಿದ ದಿನ

ನಮ್ಮ ಮನೆ ಮಹಡಿಯ ಮೇಲೆ. ಕೆಳಗೆ ಮೀನು ತೋರಿಸುವ ದೋಣಿಯ ಆಫೀಸು. ವರ್ಷಕ್ಕೊಮ್ಮೆ, ಸೆಕೆ ಇಳಿದು ನೀರು ತಣ್ಣಗಾಗುವ ಮೂರು ವಾರ, ಗೇಣುದ್ದದ ಮೀನುಗಳು ಲಕ್ಷಗಟ್ಟಲೆ ಹಿಂಡು ಕಟ್ಟಿಕೊಂಡು ನಮ್ಮ ದಂಡೆಯ ಪಕ್ಕದಲ್ಲೇ ಹಾದುಹೋಗುತ್ತವೆ. ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುವ ಆ ಮೀನನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಬರುವ ಮುಂಚೆ ಫೋನ್ ಮಾಡಿ ಕೇಳುತ್ತಾರೆ, "ಬಂತಾ?"

ಆ ಫೋನು ಎತ್ತುತ್ತಿದ್ದವರು ಫೋನಕ್ಕ. ದೋಣಿಕಟ್ಟೆಯ ಮೇಲೆ ಅವರಿಗೆ ಬೇರೆ ಹೆಸರಿದೆ ಎಂದು ಯಾರಿಗೂ ಗೊತ್ತಿಲ್ಲ. ನನಗೂ ಒಂದು ವರ್ಷ ಗೊತ್ತಿರಲಿಲ್ಲ.

ನನ್ನವರಿಗೆ ಸೇತುವೆ ಕಟ್ಟುವ ಕಂಪನಿಯಲ್ಲಿ ಕೆಲಸ. ಆರು ವಾರಕ್ಕೊಮ್ಮೆ ಬಂದು, ಬಟ್ಟೆ ಒಗೆಸಿಕೊಂಡು, ಮಗಳು ಗುರುತು ಹಿಡಿಯುವ ಹೊತ್ತಿಗೆ ಹೊರಟುಬಿಡುತ್ತಾರೆ. ಹೆರಿಗೆಯ ನಂತರ ನಾನು ದಿನವಿಡೀ ಕೇಳುತ್ತಿದ್ದ ದೊಡ್ಡವರ ಮಾತೆಂದರೆ ಅಡುಗೆಮನೆಯ ನೆಲದಡಿಯಿಂದ ಏರಿಬರುವ ಫೋನಕ್ಕನ ದನಿ ಒಂದೇ.

"ಹಲೋ, ಹೇಳಿ. ಇಲ್ಲ, ಇವತ್ತು ಬಂದಿಲ್ಲ. ನಾಳೆ ಹೇಳೋಕಾಗಲ್ಲ, ಅವು ನಮ್ಮನ್ನ ಕೇಳ್ಕೊಂಡು ಬರಲ್ಲ. ನೋಡೋಕಾ? ಬೆಳ್ಳಿ ಬಟ್ಟೆ ಹಾಸಿದ ಹಾಗಿರುತ್ತೆ. ಒಬ್ಬರೇ ಬರೋ ಹಾಗಿಲ್ಲ, ಜೋಡಿ ಬೇಕು."

ಜೋಡಿ ಎನ್ನುವುದು ಆ ದೋಣಿಯ ಕಾನೂನು. ಹತ್ತುವಾಗ, ನಡುನೀರಿನಲ್ಲಿ, ಇಳಿಯುವಾಗ ಮೂರು ಸಲ ಜನರನ್ನು ಎಣಿಸುತ್ತಾರೆ. ನಿಮ್ಮ ಹೆಸರು ಕೂಗಿದರೆ ನೀವು ಉತ್ತರ ಕೊಡುವಂತಿಲ್ಲ, ನಿಮ್ಮ ಜೋಡಿ "ಇದ್ದಾರೆ" ಎನ್ನಬೇಕು. ಹಿಂದೆ ಯಾರೋ ನೀರಿಗೆ ಬಿದ್ದದ್ದು ಬಹಳ ಹೊತ್ತು ಯಾರಿಗೂ ತಿಳಿಯದೆ, ಆಮೇಲೆ ಮಾಡಿದ ನಿಯಮವಂತೆ. ಜೊತೆಗೆ ಯಾರೂ ಇಲ್ಲದವರನ್ನು ಹತ್ತಿಸುವುದಿಲ್ಲ.

ಮಗಳಿಗೆ ಹಲ್ಲು ಬರುವ ಕಾಲಕ್ಕೆ ನಾನು ಮಧ್ಯಾಹ್ನಗಳಲ್ಲಿ ಅವಳನ್ನೆತ್ತಿಕೊಂಡು ಕೆಳಗಿಳಿಯತೊಡಗಿದೆ. ಫೋನಕ್ಕ ಅವಳಿಗೆ ಹಳೆಯ ಟಿಕೆಟ್ ಪುಸ್ತಕದ ರಟ್ಟು ಕಚ್ಚಲು ಕೊಡುತ್ತಿದ್ದರು. ಐವತ್ತಾರರ ವಯಸ್ಸು, ಸಣ್ಣ ಮೈ, ದನಿ ಮಾತ್ರ ಮೂವತ್ತರದ್ದು. ಮದುವೆಯಾಗಿಲ್ಲ. ಹಿಂದಿನ ಬೀದಿಯ ಒಂದೇ ಕೋಣೆಯಲ್ಲಿ ಹಾಸಿಗೆ ಹಿಡಿದ ತಾಯಿಯನ್ನು ಒಂಬತ್ತು ವರ್ಷ ನೋಡಿಕೊಂಡರು. ಊಟದ ಬಿಡುವಿನಲ್ಲಿ ಓಡಿ, ತಾಯಿಯ ಮಗ್ಗುಲು ಬದಲಿಸಿ, ಮತ್ತೆ ಓಡಿ ಬರುತ್ತಿದ್ದರಂತೆ. ತಾಯಿ ಹೋಗಿ ನಾಲ್ಕು ವರ್ಷವಾಗಿದೆ, ಊಟಕ್ಕೆ ಈಗಲೂ ಓಡಿಕೊಂಡೇ ಹೋಗುತ್ತಾರೆ.

"ಯಾಕಕ್ಕ ಹಾಗೆ ಓಡ್ತೀರಿ?" ಎಂದು ಕೇಳಿದ್ದೆ.

"ಕಾಲಿಗೆ ಇನ್ನೂ ಯಾರೂ ವಿಷಯ ತಿಳಿಸಿಲ್ಲ ಕಣೆ," ಎಂದು ನಕ್ಕರು.

ಒಂದು ದಿನ ಮಗಳ ಮೂಗು ಒರೆಸುತ್ತಾ ನಾನು ಸುಮ್ಮನೆ ಕೇಳಿದೆ. "ಅಕ್ಕ, ಮೊದಲ ಸಲ ನೋಡಿದಾಗ ಹೇಗನ್ನಿಸ್ತು ಆ ಮೀನು?"

ಫೋನಕ್ಕ ಬಾಗಿಲ ಕಡೆ ನೋಡಿದರು, ಮಾಲೀಕರು ಇಲ್ಲ ಎಂದು ಖಾತ್ರಿ ಮಾಡಿಕೊಂಡು ಹೇಳಿದರು. "ನಾನು ನೋಡೇ ಇಲ್ಲ."

ಹತ್ತೊಂಬತ್ತು ವರ್ಷ. ಮೀನು ಬರುವ ಮೂರು ವಾರವೇ ಫೋನು ಬಡಿದುಕೊಳ್ಳುವ ಮೂರು ವಾರ. ಮೊದಲ ವರ್ಷ ಮಾಲೀಕರನ್ನು ಕೇಳಿದ್ದರಂತೆ, ಅವರು "ನೀವು ಹೋದ್ರೆ ಫೋನ್ ಎತ್ತೋರು ಯಾರು?" ಎಂದಿದ್ದರಂತೆ. ಆಮೇಲೆ ತಾಯಿ. ತಾಯಿ ಹೋದ ಮೇಲೆ ಜೋಡಿ ಇಲ್ಲ. ಬೆಳ್ಳಿ ಬಟ್ಟೆಯ ಮಾತು ಗೋಡೆಯ ಮೇಲಿನ ಬಣ್ಣದ ಚಿತ್ರ ನೋಡಿ ಕಟ್ಟಿದ್ದು.

"ಹೋಗ್ಲಿ ಬಿಡಿ, ಯಾರಿಗೇನು ನಷ್ಟ," ಎಂದೆ.

"ಗಡಿಯಾರದವರಿಗೆ," ಎಂದರು.

ಗಡಿಯಾರದವರು ಎಂದರೆ ಒಂದು ದಿನದ ದಾರಿಯಾಚೆ, ಸಮುದ್ರವಿಲ್ಲದ ಯಾವುದೋ ಊರಿನಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಒಬ್ಬರು. ಹನ್ನೆರಡು ವರ್ಷದ ಹಿಂದೆ ಒಂದು ಸೀಟು ಕೇಳಿ ಫೋನ್ ಮಾಡಿದ್ದರು. ಜೋಡಿ ಬೇಕು ಎಂದಾಗ, "ಹಾಗಾದ್ರೆ ಬೇಡ ಬಿಡಿ. ಮೀನು ಬಂತಾ ಇಲ್ವಾ ಅಷ್ಟು ಹೇಳಿ ಸಾಕು," ಎಂದಿದ್ದರು. ಅಂದಿನಿಂದ ಪ್ರತಿ ವರ್ಷ, ಅಂಗಡಿಗೆ ರಜೆಯಿರುವ ಬುಧವಾರ ಹನ್ನೊಂದಕ್ಕೆ ಫೋನ್ ಮಾಡುತ್ತಾರೆ. ಎರಡನೆಯ ವರ್ಷ, "ನೀವು ನೋಡಿದ್ರಾ? ಹೇಗಿತ್ತು?" ಎಂದರು. ಫೋನಕ್ಕನ ಬಾಯಿಗೆ ಇಲ್ಲ ಎನ್ನಲು ಬರಲಿಲ್ಲ, ನೋಡಿದೆ ಎಂದುಬಿಟ್ಟರು. ಆಮೇಲೆ ಪ್ರತಿ ವರ್ಷ ನೋಡಬೇಕಾಯಿತು. ಐದು ವರ್ಷದಿಂದ ಗಡಿಯಾರದವರಿಗೆ ಕಣ್ಣು ಕಾಣುವುದಿಲ್ಲ. ಅಂಗಡಿ ಮುಚ್ಚಿದೆ, ಬುಧವಾರ ಮಾತ್ರ ತಪ್ಪಿಲ್ಲ.

"ಕಣ್ಣಿಲ್ಲದವರಿಗೆ ಸುಳ್ಳು ತೋರಿಸ್ತಾ ಇದ್ದೀನಿ ಕಣೆ ನಾನು," ಎಂದರು ಫೋನಕ್ಕ. "ಈ ಸಲ ಕೊನೆ. ಮುಂದಿನ ವರ್ಷದಿಂದ ಫೋನ್ ಎತ್ತೋಕೆ ಯಂತ್ರ ಬರುತ್ತೆ, ನನ್ನ ಕೆಲಸ ಮುಗೀತು. ಒಂದೇ ಒಂದು ಸಲ ನಿಜವಾಗಿ ನೋಡಿ ಅವರಿಗೆ ಹೇಳ್ಬೇಕು. ಮಾಲೀಕರು ಒಂದು ಭಾನುವಾರ ಕೊಟ್ಟಿದ್ದಾರೆ. ನೀನು ಬರ್ತೀಯಾ ಜೋಡಿಯಾಗಿ?"

ಮಗಳಿಗೆ ಹನ್ನೊಂದು ತಿಂಗಳು, ಇನ್ನೂ ಹಾಲು ಬಿಟ್ಟಿಲ್ಲ. ದೋಣಿ ಬೆಳಿಗ್ಗೆ ಆರಕ್ಕೆ ಹೊರಟರೆ ತಿರುಗಿ ಬರುವುದು ಮಧ್ಯಾಹ್ನ. ಬರುವುದಿಲ್ಲ ಎನ್ನಲು ಎಲ್ಲ ಕಾರಣವೂ ಇತ್ತು. ಆದರೆ ನಾನಲ್ಲದೆ ಅವರು ಕೇಳಬಹುದಾದ ಇನ್ನೊಬ್ಬರು ಆ ಬೀದಿಯಲ್ಲಿ ಇರಲಿಲ್ಲ. ನಿಜ ಹೇಳಬೇಕೆಂದರೆ, ನನ್ನನ್ನು ಎಲ್ಲಿಗಾದರೂ ಬಾ ಎಂದು ಯಾರಾದರೂ ಕರೆದು ವರ್ಷವಾಗಿತ್ತು.

ಮಗಳನ್ನು ನೋಡಿಕೊಳ್ಳಲು ಅಮ್ಮ ಶನಿವಾರವೇ ಬಂದು ಇಳಿದಳು. "ಮೀನು ನೋಡೋಕೆ ಸಮುದ್ರಕ್ಕೆ ಹೋಗ್ಬೇಕಾ? ಮಾರ್ಕೆಟ್ಟಿಗೆ ಹೋದ್ರೆ ತೂಕ ಹಾಕಿ ತೋರಿಸ್ತಾರೆ," ಎಂದು ರಾಗ ಎಳೆದಳು. ಆದರೂ ಹಾಲಿನ ಶೀಶೆ ಎಷ್ಟು ಹೊತ್ತಿಗೆ, ಬೇಯಿಸಿ ಹಿಸುಕಿದ ಕ್ಯಾರೆಟ್ ಎಷ್ಟು ಚಮಚ ಎಂದು ನಾನು ಚೀಟಿ ಬರೆದಿಟ್ಟಾಗ, "ನಿನ್ನನ್ನ ಚೀಟಿ ನೋಡ್ಕೊಂಡು ಸಾಕಿದ್ನಾ ನಾನು?" ಎಂದು ಅದನ್ನು ಮಡಚಿ ರವಿಕೆಯೊಳಗೆ ಜೋಪಾನವಾಗಿಟ್ಟುಕೊಂಡಳು.

ಬೆಳಿಗ್ಗೆ ದೋಣಿಕಟ್ಟೆಯಲ್ಲಿ ಇಪ್ಪತ್ತು ಜನ, ಹತ್ತು ಜೋಡಿ. ಎಲ್ಲರಿಗೂ ತೇಲುವ ಅಂಗಿ ಕಟ್ಟಿದರು. ಫೋನಕ್ಕನಿಗೆ ಅದು ಮೊಣಕಾಲು ಮುಟ್ಟುತ್ತಿತ್ತು. ದಾರಿ ತೋರಿಸುವವನನ್ನು ಮೈಕಿನವನು ಎನ್ನುತ್ತಾರೆ. ಅವನು ನನ್ನ ಹೆಸರು ಕೂಗಿದ ಕೂಡಲೇ ಫೋನಕ್ಕ ಕಟ್ಟೆ ಅದುರುವಂತೆ "ಇದ್ದಾರೆ!" ಎಂದರು. ಅವರ ಹೆಸರು ಕೂಗಿದಾಗ ಅದು ಯಾರೆಂದು ನನಗೆ ಹೊಳೆಯಲಿಲ್ಲ. ಮೊಣಕೈಯಿಂದ ತಿವಿದರು. "ಹೇಳೇ, ಇಲ್ಲಾಂದ್ರೆ ನನ್ನ ಇಲ್ಲೇ ಬಿಟ್ಟು ಹೋಗ್ತಾರೆ." "ಇದ್ದಾರೆ, ಇದ್ದಾರೆ," ಎಂದೆ.

ಮೊದಲ ಎರಡು ಗಂಟೆ ನೀರಲ್ಲದೆ ಏನೂ ಇಲ್ಲ. ನಾನು ಎರಡು ಸಲ ವಾಂತಿ ಮಾಡಿದೆ. ಫೋನಕ್ಕ ನನ್ನ ಜಡೆ ಹಿಡಿದುಕೊಂಡು ನಿಂತರು, ತಮ್ಮ ತಾಯಿಯನ್ನು ಹಿಡಿದಿರಬಹುದಾದ ಹಾಗೆ. ಎಂಟೂವರೆಗೆ ಎದೆ ಕಟ್ಟಿ ಕಲ್ಲಾಯಿತು. ಮಗಳು ಹಾಲು ಕೇಳುವ ಹೊತ್ತು. ತೇಲುವ ಅಂಗಿಯೊಳಗೆ ನನ್ನ ರವಿಕೆ ನೆನೆಯುವುದು ಇಪ್ಪತ್ತು ಜನರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮೈಕಿನವನು ಶುರುಮಾಡಿದ. "ಹಕ್ಕಿಗಳ ಮೇಲೆ ಕಣ್ಣಿಡಿ. ಅವು ಎಲ್ಲಿ ಧುಮುಕುತ್ತವೋ ಅಲ್ಲಿ ಮೀನು. ನೋಡೋಕೆ ಬೆಳ್ಳಿ ಬಟ್ಟೆ ಹಾಸಿದ ಹಾಗೆ..." ಅದು ಫೋನಕ್ಕನ ಮಾತು. ವರ್ಷಗಟ್ಟಲೆ ಆಫೀಸಿನಲ್ಲಿ ಕೇಳಿ ಕೇಳಿ ಅವನಿಗೂ ಬಾಯಿಪಾಠವಾಗಿತ್ತು. ಫೋನಕ್ಕ ತಲೆ ತಗ್ಗಿಸಿಕೊಂಡರು. ಎದುರಿಗೆ ಕೂತಿದ್ದ ಒಬ್ಬ ಅಜ್ಜಿ, "ನಿಮ್ಮ ದನಿ ಎಲ್ಲೋ ಕೇಳಿದ್ದೀನಲ್ಲ?" ಎಂದಾಗ, ಕೆಮ್ಮು ಬಂದವರಂತೆ ಆ ಕಡೆ ತಿರುಗಿಬಿಟ್ಟರು.

ಹಕ್ಕಿ ಕಂಡದ್ದು ಒಂಬತ್ತು ದಾಟಿದ ಮೇಲೆ. ದೋಣಿ ಅತ್ತ ತಿರುಗಿತು. ಎಲ್ಲರೂ ಬೆಳ್ಳಿಗಾಗಿ ಹುಡುಕುತ್ತಿದ್ದರು. ಆದರೆ ನೀರಿನ ಮೇಲೆ ಇದ್ದದ್ದು ಕಪ್ಪು. ಆಕಾಶದಲ್ಲಿ ಮೋಡವಿಲ್ಲ, ಕೆಳಗೆ ಮಾತ್ರ ಮೋಡದ ನೆರಳು, ಒಂದು ಬೀದಿಯಷ್ಟು ಉದ್ದ. ಅದು ನಿಧಾನವಾಗಿ ಚಲಿಸುತ್ತಿತ್ತು.

"ಇದೇನಾ?" ಎಂದರು ಫೋನಕ್ಕ. ದನಿಯಲ್ಲಿ ಮೂವತ್ತು ಹೋಗಿ ಐವತ್ತಾರು ಬಂದಿತ್ತು.

ಎಂಜಿನ್ ನಿಲ್ಲಿಸಿದರು. ಜೋಡಿಗೊಂದರಂತೆ ಗಾಜಿನ ತಳದ ಬಕೆಟ್ ಕೊಟ್ಟರು. ಒಬ್ಬರು ಅದನ್ನು ನೀರಿಗೆ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಮುಖವಿಟ್ಟು ನೋಡಬೇಕು, ಐದೈದು ನಿಮಿಷದ ಸರದಿ. ನಾನು ಹಿಡಿದೆ. ಫೋನಕ್ಕ ಮುಖವಿಟ್ಟರು, ಮುಖ ಎತ್ತಲೇ ಇಲ್ಲ. ಐದು ಆಯಿತು, ಹತ್ತು ಆಯಿತು. ನನ್ನ ಕೈ ಮರಗಟ್ಟಿತು. "ಅಕ್ಕ, ನನ್ನ ಸರದಿ," ಎಂದೆ. "ಒಂದ್ನಿಮಿಷ ಇರೇ," ಎಂದರು ಬಕೆಟ್ಟಿನೊಳಗಿಂದ. ದೋಣಿ ಹೊರಡುವ ಮುಂಚೆ ನನಗೆ ಸಿಕ್ಕಿದ್ದು ಅರ್ಧ ನಿಮಿಷ. ಹಸಿರು ಬೆನ್ನುಗಳು, ಎಲ್ಲ ಒಂದೇ ಕಡೆ ಮುಖ, ಒಂದೂ ನನ್ನತ್ತ ನೋಡಲಿಲ್ಲ. ಇಷ್ಟು ನೋಡುವುದರೊಳಗೆ ನೆರಳು ಮುಂದೆ ಸಾಗಿತ್ತು.

ಫೋನಕ್ಕನ ಹಣೆಯ ಮೇಲೆ ಬಕೆಟ್ಟಿನ ಅಂಚು ಕೆಂಪಗೆ ಮೂಡಿತ್ತು. "ಬೆಳ್ಳಿ ಅಲ್ಲ ಕಣೆ, ಬೆಳ್ಳಿ ಎಲ್ಲೂ ಇಲ್ಲ," ಎಂದರು. ಆಮೇಲೆ ಕೈ ಎತ್ತಿ ನನ್ನನ್ನು ಸುಮ್ಮನಾಗಿಸಿದರು. "ಕೇಳು."

ಹಿಂಡಿನ ಅಂಚಿನಲ್ಲಿ ಮೀನುಗಳು ಮೇಲೆದ್ದು ನೀರನ್ನು ಸೀಳುತ್ತಿದ್ದವು. ಜರಡಿಯಲ್ಲಿ ಗೋಧಿ ಆಡಿಸಿದಂಥ ಸದ್ದು. ಅದು ದೂರವಾಗುತ್ತಾ ಸಣ್ಣದಾಯಿತು.

"ಸದ್ದಿದೆಯಲ್ಲೇ ಇದಕ್ಕೆ," ಎಂದರು. "ಹನ್ನೊಂದು ವರ್ಷ ಬಣ್ಣ ಹೇಳ್ದೆ ನಾನು. ಸದ್ದಿನ ವಿಷಯ ಒಂದು ದಿನಾನೂ ಹೇಳ್ಲಿಲ್ಲ."

ಮನೆಗೆ ಬಂದಾಗ ಮಗಳು ಅಮ್ಮನ ಹೆಗಲ ಮೇಲೆ ಅತ್ತು ಅತ್ತು ಮಲಗಿದ್ದಳು. ಅಮ್ಮ ನನ್ನ ರವಿಕೆ ನೋಡಿ ಬಿಸಿನೀರು ಕಾಯಿಸಿದಳು.

ಬುಧವಾರ ನಾನೂ ಕೆಳಗಿದ್ದೆ. ಹನ್ನೊಂದಕ್ಕೆ ಫೋನ್ ಬಂತು. ಹಳೆಯ ಫೋನು, ಆ ಕಡೆಯ ಮಾತು ಕೋಣೆಗೆಲ್ಲ ಕೇಳಿಸುತ್ತದೆ.

"ಬಂತಾ ಫೋನಕ್ಕ?"

"ಬಂತು. ನೋಡಿದೆ. ಕೇಳಿ, ಕಪ್ಪಗಿತ್ತು, ಮೋಡದ ನೆರಳಿದ್ದ ಹಾಗೆ. ಮತ್ತೆ ಸದ್ದಿತ್ತು, ಜರಡೀಲಿ ಗೋಧಿ ಆಡಿಸ್ತಾರಲ್ಲ, ಹಾಗೆ."

"ಒಂದೇ ಸಮ ಬರುತ್ತಾ, ಬಿಟ್ಟು ಬಿಟ್ಟು ಬರುತ್ತಾ?"

"ಬಿಟ್ಟು ಬಿಟ್ಟು. ಹಕ್ಕಿ ಬಿದ್ದಾಗ ಜೋರು."

"ಹೂಂ. ಆದ್ರೂ ಹೋದ ವರ್ಷದ್ದೇ ಒಂದು ಕೈ ಮೇಲು, ಅಲ್ವಾ? ಬೆಳ್ಳಿ ಬಟ್ಟೆ ಅಂದಿದ್ರಿ."

ಫೋನಕ್ಕ ಬಾಯಿ ತೆರೆದರು. ಈಗ ಹೇಳುತ್ತಾರೆ ಎಂದು ನಾನು ಮಗಳನ್ನು ಬಿಗಿಯಾಗಿ ಹಿಡಿದುಕೊಂಡೆ.

"ಹೌದು," ಎಂದರು ಫೋನಕ್ಕ. "ಹೋದ ವರ್ಷ ಚೆನ್ನಾಗಿತ್ತು."

"ಸರಿ ಹಾಗಾದ್ರೆ, ಮುಂದಿನ ವರ್ಷ ಮಾಡ್ತೀನಿ." ಇಟ್ಟುಬಿಟ್ಟರು.

ನನಗೆ ರೇಗಿತು. "ಏನಕ್ಕ ನೀವು! ಮೊದಲ ಸಲ ನೋಡಿದ್ದು ಅಂತ ಹೇಳೋದು ಹಾಗಿರಲಿ, ಮುಂದಿನ ವರ್ಷ ನೀವಿರಲ್ಲ ಅಂತಾದ್ರೂ ಹೇಳ್ಬಾರದಿತ್ತಾ? ನಿಮ್ಮ ಕೋಣೆಯ ಫೋನ್ ನಂಬರ್ ಕೊಡೋಕೇನಾಗಿತ್ತು?"

ಫೋನಕ್ಕ ವೈರಿನ ಸಿಕ್ಕು ಬಿಡಿಸುತ್ತಾ ಹೇಳಿದರು. "ಅವರು ಮಾಡೋದು ಫೋನಕ್ಕನಿಗೆ ಕಣೆ. ನನಗಲ್ಲ."

ಸೀಸನ್ ಮುಗಿದ ಮೇಲೆ ಯಂತ್ರ ಬಂತು. ಫೋನಕ್ಕ ಮನೆಯಲ್ಲೇ ಉಳಿದರು. ನಾನು ವಾರಕ್ಕೆರಡು ಸಲ ಮಗಳನ್ನು ನಡೆಸಿಕೊಂಡು ಹಿಂದಿನ ಬೀದಿಗೆ ಹೋಗುತ್ತೇನೆ. ಕೋಣೆ ಅಚ್ಚುಕಟ್ಟು. ಫೋನೊಂದು ಕಿಟಕಿಯ ಪಕ್ಕ ಇದೆ, ನಾನು ಹೋದಾಗ ಒಮ್ಮೆಯೂ ಬಡಿದಿದ್ದಿಲ್ಲ. "ನನ್ನ ಸರದಿ ನುಂಗಿದ್ರಲ್ಲ, ಆ ಹತ್ತು ನಿಮಿಷದಲ್ಲಿ ಏನು ನೋಡಿದ್ರಿ ಹೇಳಿ," ಎಂದರೆ ಮಾತ್ರ ಅವರ ದನಿ ಮತ್ತೆ ಮೂವತ್ತಕ್ಕಿಳಿಯುತ್ತದೆ.

ಇವತ್ತು ಬುಧವಾರ, ಈ ವರ್ಷದ ಮೀನಿನ ಮೊದಲ ವಾರ. ಮಗಳಿಗೆ ಊಟ ಮಾಡಿಸುತ್ತಿದ್ದೆ. ಹನ್ನೊಂದಕ್ಕೆ ನೆಲದಡಿ ಫೋನ್ ಬಡಿಯಿತು. ಮೂರು ಸಲಕ್ಕೆ ಯಂತ್ರ ಎತ್ತಿಕೊಂಡಿತು. ಯಾರದೋ ಹೊಸ ದನಿ ಏನೋ ಹೇಳಿತು. ಫೋನ್ ನಿಂತಿತು. ಮತ್ತೆ ಬಡಿಯಿತು. ಮತ್ತೆ ಯಂತ್ರ. ಮತ್ತೆ.

ಬೇಕಾದಾಗ ಇರಲಿ ಎಂದು ಮಾಲೀಕರು ಆಫೀಸಿನ ಇನ್ನೊಂದು ಬೀಗದ ಕೈಯನ್ನು ನಮ್ಮ ಮನೆಯ ಮೊಳೆಗೆ ನೇತುಹಾಕಿಸಿದ್ದಾರೆ. ಮಗಳನ್ನು ಸೊಂಟಕ್ಕೇರಿಸಿಕೊಂಡು, ಎಂಜಲು ಕೈಯಲ್ಲೇ ಮೆಟ್ಟಿಲಿಳಿದು ಬಾಗಿಲು ತೆಗೆದೆ. ನಾಲ್ಕನೆಯ ಸಲ ಬಡಿಯತೊಡಗಿತ್ತು. ಯಂತ್ರಕ್ಕಿಂತ ಮುಂಚೆ ಎತ್ತಿದೆ.

"ಹಲೋ," ಎಂದರು ಗಡಿಯಾರದವರು. ದನಿ ಇಳಿದುಹೋಗಿತ್ತು. "ಯಾವುದೋ ಹುಡುಗಿ ಮಾತಾಡ್ತಾಳೆ, ನಾನು ಕೇಳಿದ್ದಕ್ಕೆ ಉತ್ತರಾನೇ ಕೊಡಲ್ಲ. ಈ ಸಲಾನೂ ಆ ಜರಡಿ ಸದ್ದು ಬಂತಾ ಅಂತ ಕೇಳ್ಬೇಕಿತ್ತು. ಫೋನಕ್ಕ ಇದ್ದಾರಾ?"

ಮಗಳು ವೈರು ಎಳೆಯುತ್ತಿದ್ದಳು. ಮೇಜಿನ ಮೇಲೆ ಪೆನ್ಸಿಲ್ ಹುಡುಕಿದೆ.

"ಇದ್ದಾರೆ," ಎಂದೆ. "ನಿಮ್ಮ ನಂಬರ್ ಹೇಳಿ, ಬರ್ಕೋತೀನಿ."